ಹನ್ನೊಂದು ತಿಂಗಳು ಬಿಡದ ನಟ್ಟು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ವಾಡಿಯಲ್ಲಿ ನಮ್ಮ ಕಾಕಾನ ಮನೆಯ ಹಿಂದಿನ ಅಂಗಳ. ಬೇವಿನ ಮರಕ್ಕೂ ನೀರಿನ ಹೌದಿಗೂ ನಡುವೆ, ಕಾರಿನ ಬಲಗಡೆಯ ಮುಂದಿನ ಚಕ್ರ ಇರಬೇಕಾಗಿದ್ದ ಜಾಗದಿಂದ ನಾಲ್ಕು ಹೆಜ್ಜೆ ದೂರ. ಮೂರು ವರ್ಷದ ಹಿಂದೆ, ಯುಗಾದಿಗೆ ಒಂಬತ್ತು ದಿನ ಇದ್ದಾಗಿನ ಭಾನುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಬಲಗೈಯಲ್ಲಿ ಚಹಾದ ಕಪ್ಪು, ಎಡಗೈಯಲ್ಲಿ ಬಸಿ. ನಾನು ಸೇಡಂನಲ್ಲಿ ಭೂಮಾಪಕ. ಒಂದು ಹೆಜ್ಜೆ ತಪ್ಪಿ ಬರೆದರೆ ಅಣ್ಣತಮ್ಮಂದಿರು ಕೊಡಲಿ ಹಿಡಿಯುವ ಕೆಲಸ ನನ್ನದು. ಆದ್ದರಿಂದ ಈ ಅಳತೆಗಳನ್ನು ನೀವು ನಂಬಬಹುದು.

ನಮ್ಮ ಕಾಕಾ ಆ ದಿನದವರೆಗೆ, ಅಂದರೆ ಅರವತ್ತೆಂಟು ವರ್ಷ, ತನ್ನ ಕಣ್ಣೆದುರಿಗೆ ಏನನ್ನೂ ಕೊಯ್ಯಲು ಬಿಟ್ಟವನಲ್ಲ. ಇದನ್ನು ಕೇಳಿ ಅವನನ್ನು ಅಹಿಂಸಾವಾದಿ ಎಂದುಕೊಳ್ಳಬೇಡಿ! ಇರುವೆ ಕಂಡರೆ ಚಪ್ಪಲಿ ಎತ್ತುತ್ತಿದ್ದ. ಅವನ ಕರುಣೆಯೆಲ್ಲ ದಾರ, ಹಗ್ಗ, ತಂತಿ, ಪೈಪುಗಳ ಮೇಲೆ. ಊರಿನ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮಾಡಿ ನಿವೃತ್ತನಾದವನು. ಕಟ್ಟಿದ್ದನ್ನು ಬಿಚ್ಚಬೇಕು, ಬಿಗಿದದ್ದನ್ನು ಸಡಿಲಿಸಬೇಕು, ಕೊಯ್ಯಬಾರದು ಎಂಬುದು ಅವನ ಮತ. ಹಾಲಿನ ಪಾಕೀಟನ್ನು ಕೂಡ ಕೆಟಲಿನ ಹಬೆಗೆ ಹಿಡಿದು, ಅಂಟಿಸಿದ ಅಂಚನ್ನು ಹುಡುಕಿ ಬಿಡಿಸುತ್ತಿದ್ದ. ಅರ್ಧ ಹಾಲು ಒಲೆಗೆ ಹೋಗುತ್ತಿತ್ತು. ಕಾಕು, ಅಂದರೆ ಅವನ ಹೆಂಡತಿ, ಮನೆಯ ಒಂದೇ ಒಂದು ಕತ್ತರಿಯನ್ನು ಜೋಳದ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದಳು. ಬೇರೆಯವರು ಬಂಗಾರ ಇಡುವ ಜಾಗ ಅದು.

ನನ್ನ ನಿಶ್ಚಿತಾರ್ಥ ಚಿಂಚೋಳಿಯಲ್ಲಿ ಆಯಿತು. ಬೀಗರು ತಂದ ಪೇಡೆಯ ಡಬ್ಬಿಗೆ ದಾರ ಸುತ್ತಿ ಗಂಟು ಹಾಕಿದ್ದರು. ಡಬ್ಬಿ ಕಾಕಾನ ಕೈಗೆ ಹೋಯಿತು. ಹಿರಿಯರು ಬಾಯಿ ಸಿಹಿ ಮಾಡಿಕೊಳ್ಳಲು ಕಾಯುತ್ತ ಕುಳಿತರು. ಐದು ನಿಮಿಷವಾಯಿತು. ಹತ್ತಾಯಿತು. ಹುಡುಗಿಯ ಸೋದರಮಾವ ಗಡಿಯಾಚೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ಅವರು ಜೇಬಿನಿಂದ ಬ್ಲೇಡು ತೆಗೆದು, "ಬಾವಗಾರು, ಇದು ತಗೋರಿ, ಟೈಮ್ ಆಗ್ಲಿಕತ್ತದ" ಎಂದರು.

ಕಾಕಾ ತಲೆ ಎತ್ತಿ ಅವರನ್ನು ನೋಡಿದ. "ಈ ಗಂಟು ಹಾಕಿದಾಂವ ಒಬ್ಬ ಮನಶ್ಯಾ ಅದಾನ್ರಿ. ಮುಂದಿನಾಂವ ಬಿಚ್ಚಲಿ ಅಂತ ಹಾಕ್ಯಾನ. ಅದನ್ನ ಕೊಯ್ಯೋದಂದ್ರ ಅವನ ಬಾಯಿ ಮ್ಯಾಲ ಹೊಡದಂಗ. ನಿಮ್ಮ ಮನ್ಯಾಗ ಸಂಬಂಧನೂ ಹಿಂಗೇ ಕಡ್ಕೋತೀರೇನು?"

ಸೋದರಮಾವ ಬ್ಲೇಡನ್ನು ಮತ್ತೆ ಜೇಬಿಗಿಟ್ಟರು. ಇಪ್ಪತ್ತೆರಡನೆಯ ನಿಮಿಷಕ್ಕೆ ಗಂಟು ಬಿಟ್ಟಿತು. ದಾರ ಉಳಿಯಿತು, ಮುಹೂರ್ತ ಹೋಯಿತು. ಆ ದಾರ ಇಂದಿಗೂ ನನ್ನ ಹೆಂಡತಿಯ ಹತ್ತಿರ ಇದೆ. ಜಗಳ ಬಂದಾಗ ತೆಗೆದು ತೋರಿಸುತ್ತಾಳೆ!

ಹಾಗೆಂದು ಅವನ ಮತ ಬರೀ ನಗೆಪಾಟಲೇ? ಅಲ್ಲ. ಪಕ್ಕದ ಮನೆಯ ವೆಲ್ಡರ್ ಖಾಸೀಮನ ತಾಯಿಯ ಬೆರಳು ಊದಿಕೊಂಡು ಉಂಗುರ ಸಿಕ್ಕಿಬಿದ್ದಿತ್ತು. ಉಂಗುರ ಕತ್ತರಿಸದೆ ದಾರಿಯಿಲ್ಲ ಎಂದು ಎಲ್ಲರೂ ಹೇಳಿದರು. ಅದು ಆಕೆಯ ಗಂಡ ಹಾಕಿದ ಉಂಗುರ. ಕಾಕಾ ರೇಷ್ಮೆ ದಾರವನ್ನು ಬೆರಳಿಗೆ ಒತ್ತೊತ್ತಾಗಿ ಸುತ್ತಿ, ತುದಿಯನ್ನು ಉಂಗುರದ ಕೆಳಗೆ ತೂರಿಸಿ, ಒಂದೊಂದೇ ಸುತ್ತು ಬಿಚ್ಚುತ್ತ ಉಂಗುರವನ್ನು ಹೊರಗೆ ನಡೆಸಿಕೊಂಡು ಬಂದ. ಒಂದೂಕಾಲು ತಾಸು. ಮುದುಕಿ ಅವತ್ತಿನಿಂದ ಅವನನ್ನು 'ಬೇಟಾ' ಎಂದು ಕರೆಯತೊಡಗಿದಳು.

ಇನ್ನು ಕಾರಿನ ವಿಷಯ. ಅದು ವಿದೇಶದ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಉದ್ದನೆಯ ಮೂತಿ, ತಾನಾಗಿ ಬದಲಾಗುವ ಗೇರು. ಶಹಾಬಾದಿನ ಒಬ್ಬ ಕಲ್ಲಿನ ವ್ಯಾಪಾರಿ ಹೈದರಾಬಾದಿನಿಂದ ತಂದು ಮೆರೆದಿದ್ದ. ಅವನು ಹೋದ ಮೇಲೆ, ವಾಡಿ ರಸ್ತೆಯ ಪಕ್ಕದ ಅವನ ಕಲ್ಲಿನ ಅಂಗಳದಲ್ಲಿ ಇಪ್ಪತ್ತು ಮಳೆಗಾಲ ನಿಂತೇ ಇತ್ತು. ಒಂದು ದಿನ ಗುಜರಿಯವರು ಗ್ಯಾಸ್ ಕಟರ್ ಹಿಡಿದು ಬಂದರು. ದಾರಿಯಲ್ಲಿ ಹೊರಟಿದ್ದ ಕಾಕಾ ಸೈಕಲ್ ಬಿಸಾಕಿ ಓಡಿಹೋಗಿ ಕಾರಿಗೆ ಅಡ್ಡ ನಿಂತ. "ಬಿಗಿದದ್ದು ಇನ್ನಾ ಬಿಚ್ಚಲಿಕ್ಕೆ ಬರ್ತದ, ಕೊಯ್ಲಿಕತ್ತೀರಲ್ರೋ!" ವ್ಯಾಪಾರಿಯ ಮಕ್ಕಳಿಗೆ ಜಾಗ ಖಾಲಿಯಾದರೆ ಸಾಕಾಗಿತ್ತು. ಸಂಜೆಗೆ ಕಾರು ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಕೂತು ಕಾಕಾನ ಮನೆಗೆ ಬಂತು. ಕಾಕು ಬಾಗಿಲಲ್ಲಿ ನಿಂತು, "ಇದಕ್ಕ ಆರತಿ ಮಾಡ್ಲೋ, ಒಗದು ಬಿಡ್ಲೋ?" ಎಂದು ಕೇಳಿದಳು.

ಕಾರು ಓಡಬೇಕಾದರೆ ಗೇರ್‌ಬಾಕ್ಸ್ ಇಳಿಸಿ ಅದರ ಒಳಗಿನ ಒಣಗಿದ ರಬ್ಬರುಗಳನ್ನು ಬದಲಿಸಬೇಕಿತ್ತು. ಗೇರ್‌ಬಾಕ್ಸ್ ಇಳಿಯಬೇಕಾದರೆ ಅದರ ಎಣ್ಣೆಯನ್ನು ರೇಡಿಯೇಟರಿಗೆ ಒಯ್ದು ತಣಿಸಿ ತರುವ ಎರಡು ಉಕ್ಕಿನ ಪೈಪುಗಳು ಕಳಚಬೇಕಿತ್ತು. ಬೆರಳಿನಷ್ಟೇ ದಪ್ಪದ ಪೈಪುಗಳು. ಮೇಲಿನದು ಎರಡು ದಿನದಲ್ಲಿ ಬಂತು. ಕೆಳಗಿನದರ ನಟ್ಟು ಬರಲಿಲ್ಲ.

ಖಾಸೀಮ ಬಗ್ಗಿ ನೋಡಿ, "ಕಾಕಾ, ಕೊಯ್ದು ಒಗೀರಿ. ಸಂಜಿತನಕ ಇಂಥಾದ್ದೇ ಹೊಸಾದು ಬಗ್ಗಿಸಿ ಕೊಡ್ತೀನಿ" ಎಂದ. ಕಾಕಾ ಅವನ ಜೊತೆ ಎರಡು ದಿನ ಮಾತು ಬಿಟ್ಟ. ಕಾಕು ಬಗ್ಗಿ ನೋಡಿ, "ಬೆಳ್ಳಗ ಅದ ಅಲ್ರೀ? ಹುಣಸಿಹುಳಿ ಮೆತ್ತಿ ಬಟ್ಟಿ ಕಟ್ರಿ" ಎಂದಳು. ಕಾಕಾ ನಕ್ಕ. "ಇದೇನು ತಾಮ್ರದ ಚರಗಿ ಅಂತ ತಿಳಿದೀ? ಕಬ್ಬಿಣಕ್ಕ ಎಣ್ಣಿ, ಸಾರಿಗೆ ಹುಣಸಿ."

ಅಂದಿನಿಂದ ಅದು ಪೂಜೆಯಂತಾಯಿತು. ದಿನಾ ಊಟವಾದ ಮೇಲೆ ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗುವುದು. ಎಡಗೈಯನ್ನು ಪೈಪಿನ ಮೇಲಿನಿಂದ ತೂರಿಸಿ ಒಂದು ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಬುಡವನ್ನು ಹಿಡಿಯುವುದು. ಬಲಗೈಯಿಂದ ಸಣ್ಣ ಸುತ್ತಿಗೆಯ ಏಳು ಪೆಟ್ಟು, ಆಮೇಲೆ ಇನ್ನೊಂದು ಪಾನಾ ಹಾಕಿ ಒಂದೇ ಒಂದು ಸಲ ತಿರುಗಿಸಿ ನೋಡುವುದು. ಎರಡನೆಯ ಸಲ ಇಲ್ಲ. ಬಲವಂತ ಮಾಡಿದರೆ ನಟ್ಟಿನ ಮೂಲೆ ಸವೆಯುತ್ತದಂತೆ. ಹೊರಗೆ ಬಂದು ಕೈ ಒರೆಸಿಕೊಂಡು, "ಇವತ್ತು ಬಿಡವಲ್ದು. ಒಂದು ಹನಿ ಎಣ್ಣಿ ಹಾಕೀನಿ, ನಾಳಿ ನೋಡೋಣು" ಎನ್ನುವುದು. ಹೀಗೆ ಹನ್ನೊಂದು ತಿಂಗಳು! ವಾಡಿಯಲ್ಲಿ ಯಾರ ಕೆಲಸ ತಡವಾದರೂ ಜನ, "ಕಾಕಾನ ನಟ್ಟು ಆಗ್ಯದ" ಎನ್ನತೊಡಗಿದರು.

ಕಾರಿನ ಮೂತಿಯನ್ನು ಎತ್ತಿ ನಿಲ್ಲಿಸಿದ್ದು ಶಹಾಬಾದ ಫರ್ಸಿಗಳ ಮೇಲೆ. ಎರಡು ಕಡೆಗೂ ಚೌಕ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ್ದ. ಇದು ಸರಿಯೇ ಎಂದು ನಾನೇ ಕೇಳಿದ್ದೆ. "ಇಡೀ ಊರು ಈ ಕಲ್ಲಿನ ಮ್ಯಾಲ ನಿಂತದ ತಮ್ಮಾ. ಒಂದು ಕಾರು ನಿಂದ್ರಂಗಿಲ್ಲೇನು?" ಎಂದ. ಉತ್ತರ ಎಷ್ಟು ಚೆನ್ನಾಗಿತ್ತೆಂದರೆ ನಾನು ಒಪ್ಪಿಬಿಟ್ಟೆ. ಊರಿನ ಮನೆಗಳಿಗೆ ಯಾರೂ ದಿನಾ ಸುತ್ತಿಗೆ ಬಡಿಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಈ ಕಲ್ಲು ಪದರು ಪದರಾಗಿ ಹುಟ್ಟಿದ್ದು. ಗಣಿಯಲ್ಲಿ ಅದನ್ನು ಬಿಡಿಸುವುದೂ ಸಣ್ಣ ಸಣ್ಣ ಪೆಟ್ಟಿನಿಂದಲೇ. ಖಾಸೀಮ ಮಾತ್ರ ಒಂದು ದಿನ ಬಂದು ಹೆಚ್ಚುವರಿ ಚಕ್ರವನ್ನು ಕಾರಿನ ಕೆಳಗೆ ಅಡ್ಡ ಮಲಗಿಸಿ, "ಇದನ್ನ ಸರಸಬ್ಯಾಡ್ರಿ, ಅಮ್ಮೀ ಮ್ಯಾಲ ಆಣಿ ಅದ" ಎಂದು ಹೋಗಿದ್ದ.

ಆ ಭಾನುವಾರ ಕಾಕಾ ಏಳು ಪೆಟ್ಟು ಹಾಕಿದ. ಪ್ರತಿ ಪೆಟ್ಟಿಗೂ ಬಲಗಡೆಯ ಫರ್ಸಿಯ ಅಂಚಿನಿಂದ ಒಂದು ಚಿಟಿಕೆ ಪುಡಿ ಉದುರಿತು. ನಾನು ನೋಡಿದೆ, ಹೇಳಲಿಲ್ಲ. ಬದಲಿಗೆ ತಮಾಷೆ ಮಾಡಿದೆ: "ಕಾಕಾ, ನನ್ನ ಮಗಳ ಮದಿವಿತನಕಾದ್ರೂ ಬಿಡತದೇನು?" ಕಾರಿನ ಕೆಳಗಿನಿಂದ ಅವನ ನಗು ಕೇಳಿಸಿತು. "ನಿನ್ನ ಮಗಳ ಹೆಸರಲೆ ಇದೊಂದು" ಎಂದು ಎಂಟನೆಯ ಪೆಟ್ಟು ಹಾಕಿದ.

ಕಲ್ಲು ಒಡೆದ ಸದ್ದು ದೊಡ್ಡದೇನಲ್ಲ. ಹಪ್ಪಳ ಮುರಿದಂತೆ. ಕಾರಿನ ಮೂತಿ ಬಲಕ್ಕೆ ವಾಲಿ ಇಳಿದು, ಆ ಮಲಗಿಸಿದ ಚಕ್ರದ ಮೇಲೆ ಕೂತಿತು. ನಾನು ನಿಂತೇ ಇದ್ದೆ. ಎಷ್ಟು ಹೊತ್ತು ಎಂದು ಹೇಳಲಾರೆ. ಈ ಬರಹದಲ್ಲಿ ನನ್ನ ಬಳಿ ಅಳತೆ ಇಲ್ಲದ್ದು ಅದೊಂದೇ. ಕಪ್ಪು ಕೈಯಲ್ಲೇ ಇತ್ತು.

ಕಾಕು ಹೌದಿನ ಹತ್ತಿರ ಹಿತ್ತಾಳೆ ಪಾತ್ರೆ ತಿಕ್ಕುತ್ತಿದ್ದಳು. ಅವಳು ನನಗಿಂತ ಮೊದಲು ಓಡಿದಳು. ಖಾಸೀಮ ಗೋಡೆ ಹಾರಿ ಬಂದ. ಅವನ ತಾಯಿ ಗೋಡೆಯಾಚೆ ಹೊರಸಿನ ಮೇಲೆ ಎದ್ದು ನಿಂತು, "ಬೇಟಾ! ಬೇಟಾ!" ಎಂದು ಕೂಗುತ್ತಿದ್ದಳು.

ಕಾಕಾ ಬದುಕಿದ್ದ. ಎದೆಗೂ ಕಾರಿಗೂ ನಡುವೆ ನಾಲ್ಕು ಬೆರಳಿನ ಜಾಗ ಉಳಿದಿತ್ತು. ಆದರೆ ಪೈಪಿನ ಮೇಲೆ ತೂರಿಸಿದ ಎಡಗೈ ಮೊಣಕೈಯವರೆಗೆ ಅಲ್ಲೇ ಸಿಕ್ಕಿತ್ತು. ಹೆಗಲು ತಿರುಗಿಸಲು ಜಾಗವಿಲ್ಲ. ಕೈ ಬರದೆ ಅವನು ಬರುವಂತಿಲ್ಲ. ಕಾರು ಎತ್ತೋಣವೆಂದರೆ ಎಡಗಡೆಯ ಕಲ್ಲುಗಳೂ ಕೀರಿಡುತ್ತಿದ್ದವು. "ಜ್ಯಾಕ್ ಹಚ್ಚಿದ್ರ ಪೂರಾ ಜಾರತದ" ಎಂದ ಖಾಸೀಮ. ಗ್ಯಾಸ್ ಹಚ್ಚುವಂತಿಲ್ಲ, ಸುತ್ತಲೂ ಎಣ್ಣೆ. ಉಳಿದದ್ದು ಒಂದೇ ದಾರಿ: ಪೈಪನ್ನು ಕೊಯ್ಯಲು ಗರಗಸದ ಬರೀ ಅಲಗು, ಮತ್ತು ಆ ಸಂದಿಯಲ್ಲಿ ಹೋಗುವಷ್ಟು ತೆಳ್ಳಗಿನ ಕೈ. ನನ್ನದೂ ಖಾಸೀಮನದೂ ಹೋಗಲಿಲ್ಲ.

ಕಾಕು ಅಲಗಿನ ತುದಿಗೆ ಸೆರಗು ಸುತ್ತಿಕೊಂಡು ನೆಲಕ್ಕೆ ಮಲಗಿದಳು.

"ಕೊಯ್ಯಬ್ಯಾಡ" ಎಂಬ ದನಿ ಒಳಗಿನಿಂದ ಬಂತು. "ಬಲಗೈ ಖಾಲಿ ಅದ ನಂದು. ತಡಿ, ನಟ್ಟು ಬಿಚ್ಚತೀನಿ."

ಪಾನಾ ಕಬ್ಬಿಣಕ್ಕೆ ತಾಗುವ ಸದ್ದು ಕೇಳಿಸಿತು. ನಂಬುತ್ತೀರಾ? ಎದೆಯ ಮೇಲೆ ಕಾರು ಇಟ್ಟುಕೊಂಡು ನಟ್ಟು ತಿರುಗಿಸುತ್ತಿದ್ದ!

"ನಲವತ್ತೊಂದು ವರ್ಷ ಹಾಲಿನ ಪಾಕೀಟ ಸುದ್ದಾ ನಿಮ್ಮನ್ನ ಕೇಳೇ ಒಡದೀನಿ" ಎಂದಳು ಕಾಕು. ಅವಳ ದನಿ ಏರಲಿಲ್ಲ. "ಪೈಪ್ ಬೇಕೇನ್ರೀ ನಿಮಗ, ನಾ ಬೇಕೇನು?"

ಎಡಗಡೆಯ ಕಲ್ಲು ಒಮ್ಮೆ ಟಕ್ ಎಂದಿತು. ಆಮೇಲೆ ಕಾಕಾ, ಮಗುವಿನಂತೆ ಸಣ್ಣ ದನಿಯಲ್ಲಿ, "ಕೊಯ್ಯಿ" ಎಂದ. ಮತ್ತೆ ಸೇರಿಸಿದ: "ವಾರಿ ಕೊಯ್ಯಬ್ಯಾಡ, ನೆಟ್ಟಗ ಕೊಯ್ಯಿ. ಅಲಗಿನ ಹಲ್ಲು ಮುಂದಕ್ಕ ಇರ್ಲಿ."

ಹನ್ನೊಂದು ನಿಮಿಷ. ನಾನು ಗಡಿಯಾರ ನೋಡುತ್ತಲೇ ಇದ್ದೆ, ಬೇರೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಕಾಕುವಿನ ತೋಳಿನ ಮೇಲೆ ಕೆಂಪು ಇಳಿಯಿತು. ನಾನು ಕಿರುಚಿದೆ. ಗೇರ್‌ಬಾಕ್ಸಿನ ಎಣ್ಣೆ ಕೆಂಪಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಖಾಸೀಮನೂ ನಾನೂ ಒಂದೊಂದು ಕಾಲು ಹಿಡಿದು ಎಳೆದೆವು. ಕಾಕಾ ಎದ್ದು ಕುಳಿತು ಚರಿಗೆಯ ನೀರನ್ನು ಅರ್ಧ ಕುಡಿದಿರಲಿಲ್ಲ, ಎಡಗಡೆಯ ಕಲ್ಲೂ ಹೋಯಿತು. ಕಾರು ಚಕ್ರದ ಮೇಲಿಂದ ಜಾರಿ ನೆಲಕ್ಕೆ ಒರಗಿತು. ಅವನು ಮಲಗಿದ್ದ ಗೋಣಿಚೀಲ ಕಾಣದಾಯಿತು.

ಕೈಯೊಂದಿಗೇ ಬಂದಿದ್ದ ಪೈಪಿನ ತುಂಡನ್ನು ಕಾಕಾ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹೆಂಡತಿಯ ಕಡೆ ನೋಡಿ, "ನೆಟ್ಟಗೇ ಕೊಯ್ದೀ" ಎಂದ.

ಮರುದಿನ ಖಾಸೀಮ ರೈಲ್ವೆಯ ಹಳೆಯ ಮರದ ಸ್ಲೀಪರುಗಳನ್ನು ತಂದು ಕಾರನ್ನು ಭದ್ರವಾಗಿ ಎತ್ತಿ ನಿಲ್ಲಿಸಿದ. ಕಾಕು ಹುಣಸೆಯ ಮುದ್ದೆಯೊಂದನ್ನು ಅವನ ಕೈಗೆ ಕೊಟ್ಟಳು. ಅವನು ನಟ್ಟಿಗೆ ಮೆತ್ತಿ ಬಟ್ಟೆ ಕಟ್ಟಿದ. ನಾಲ್ಕನೆಯ ದಿನ ನಟ್ಟು ಒಂದೇ ಕೈಗೆ ತಿರುಗಿತು! ಅದನ್ನು ಹಿಡಿದದ್ದು ತುಕ್ಕಲ್ಲ. ಇಪ್ಪತ್ತು ಮಳೆಗಾಲ ನೆನೆದು ಗಟ್ಟಿಯಾದ, ಎಣ್ಣೆಗಲ್ಲ ಹುಳಿಗೆ ಕರಗುವ, ಕಾರ್ಖಾನೆಯ ಸಿಮೆಂಟಿನ ಧೂಳು. ವಾಡಿಯಲ್ಲಿ ಹುಟ್ಟಿ, ದಿನಾ ಅದೇ ಧೂಳನ್ನು ತಲೆಯಿಂದ ಜಾಡಿಸಿಕೊಂಡವರು ನಾವು. ಗುರುತಿಸಿದವಳು ಪಾತ್ರೆ ತಿಕ್ಕುವವಳೊಬ್ಬಳೇ. ಕೈಗೆ ಜೋಳಿಗೆ ಕಟ್ಟಿಕೊಂಡು ಕುಳಿತಿದ್ದ ಕಾಕಾ ಕೇಳಿದ: "ನೀ ಮೊದಲೇ ಹೇಳಿದ್ದಿಲ್ಲೇನು?"

"ಹನ್ನೊಂದು ತಿಂಗಳ ಹಿಂದ ಹೇಳಿದ್ದೆ."

"ಮತ್ತ ಜೋರಾಗಿ ಹೇಳಬಾರದೇನು?"

ಖಾಸೀಮ ಬಗ್ಗಿಸಿದ ಹೊಸ ಪೈಪಿನೊಂದಿಗೆ ಕಾರು ಒಮ್ಮೆ ಓಡಿತು. ಚಿತ್ತಾಪುರದವರೆಗೆ. ಕಾಕು ಪಕ್ಕದಲ್ಲಿ ಕೂತಿದ್ದಳು. ವಾಪಸು ಬಂದದ್ದು ಟ್ರ್ಯಾಕ್ಟರ್ ಟ್ರಾಲಿಯ ಮೇಲೆ. ಟ್ರಾಲಿಯ ಮೇಲೂ ಇಬ್ಬರೂ ಕಾರಿನೊಳಗೇ ಕೂತು, ಎದುರಾದವರಿಗೆಲ್ಲ ಕೈ ಮುಗಿಯುತ್ತ ಬಂದರು.

ಆ ಭಾನುವಾರ ಅಂಗಳದಲ್ಲಿ ನಡೆದದ್ದನ್ನು ಕಂಡವರು ಐದು ಮಂದಿ. ಅವರಲ್ಲಿ ಖಾಸೀಮನ ತಾಯಿ ತೀರಿಕೊಂಡಳು. ಕಾಕಾ ಹೋದ ವರ್ಷ ಹೋದ. ಕಾರಿನಿಂದಲ್ಲ, ಎದೆನೋವಿನಿಂದ. ಬದುಕಿರುವವರು ಮೂವರು. ನಾನೊಬ್ಬ. ಖಾಸೀಮನೊಬ್ಬ, ಕೇಳಿದರೆ ಅವನು ಇದಕ್ಕಿಂತ ಚೆನ್ನಾಗಿ ಹೇಳುತ್ತಾನೆ, ಆದರೆ ಹನ್ನೊಂದು ನಿಮಿಷವನ್ನು ಒಂದು ತಾಸು ಮಾಡುತ್ತಾನೆ. ಮೂರನೆಯವಳು ಕಾಕು.

ಕಾಕಾನನ್ನು ಮಣ್ಣಿಗಿಟ್ಟು ಬಂದ ಮೇಲೆ, ಹಿರಿಯ ಹೆಣ್ಣುಮಕ್ಕಳು ಅವಳ ಕೊರಳಿನ ತಾಳಿ ತೆಗೆಯಲು ಕುಳಿತರು. ಜೋಳದ ಡಬ್ಬಿಯಿಂದ ಯಾರೋ ಕತ್ತರಿ ಹುಡುಕಿ ತಂದರು. ನಾನು ಬಾಗಿಲಲ್ಲಿದ್ದೆ, ಹೊಸ್ತಿಲಿನ ಈಚೆ. "ಕತ್ತರಿ ಒಳಗಿಡ್ರಿ" ಎಂದಳು ಕಾಕು. "ಈ ಮನ್ಯಾಗ ಕೊಯ್ಯಂಗಿಲ್ಲ. ಬಿಚ್ಚರಿ." ಅವರು ಸೂಜಿ ಹಿಡಿದು ಬಹಳ ಹೊತ್ತು ಒದ್ದಾಡಿದರು. ದಾರ ಸವೆದಾಗಲೆಲ್ಲ ಹೊಸ ದಾರಕ್ಕೆ ಪೋಣಿಸಿ ಗಂಟು ಹಾಕಿ ಕೊಡುತ್ತಿದ್ದವನು ಕಾಕಾನೇ. ಮುಂದಿನವನು ಬಿಚ್ಚಲಿ ಎಂದು ಅವನು ಹಾಕದ ಗಂಟು ಬಾಳಿನಲ್ಲಿ ಅದೊಂದೇ ಇರಬೇಕು.

"ಬಿಡವಲ್ದೇನು?" ಎಂದಳು ಕಾಕು. "ಇರ್ಲಿ. ಒಂದು ಹನಿ ಎಣ್ಣಿ ಹಾಕ್ರಿ, ನಾಳಿ ನೋಡೋಣು."

ಅದಾಗಿ ಹದಿನಾಲ್ಕು ತಿಂಗಳಾಯಿತು. ಕಾಕು ವಾಡಿಯಲ್ಲೇ ಇದ್ದಾಳೆ. ಹೋದ ಭಾನುವಾರ ನಾನೇ ನೋಡಿ ಬಂದೆ. ಗಂಟು ಇನ್ನೂ ಬಿಟ್ಟಿಲ್ಲ.