ಅತ್ತೆಯ ಅಂಗೈಗೊಂದು ಮೌಸ್

ನಮ್ಮ ಸೋದರಮಾವನ ಜೊತೆ ಪೇಟೆಗೆ ಹೋಗಿ, ನೆಮ್ಮದಿಯಾಗಿ ಒಂದು ಸೂಜಿ ಕೊಂಡು ತಂದವರು ಯಾರಾದರೂ ಇದ್ದರೆ ಅವರಿಗೆ ನನ್ನ ಖರ್ಚಿನಲ್ಲಿ ಸನ್ಮಾನ ಮಾಡುತ್ತೇನೆ! ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ನನ್ನದೇ. ಇಷ್ಟು ಧೈರ್ಯವಾಗಿ ಹೇಳುತ್ತಿರುವುದೇಕೆಂದರೆ ಅಂಥವರು ಚಳ್ಳಕೆರೆ ತಾಲ್ಲೂಕಿನಲ್ಲೇ ಇಲ್ಲ. ಸೂಜಿ ಗಟ್ಟಿ ಇದೆಯೋ ಇಲ್ಲವೋ ಎಂದು ಮಾವ ಮೊದಲು ಬಗ್ಗಿಸಿ ನೋಡುತ್ತಾರೆ. ಮುರಿದರೆ "ನಾನ್ ಹೇಳ್ಲಿಲ್ವಾ?" ಅನ್ನುತ್ತಾರೆ. ಮುರಿಯದಿದ್ದರೆ ಇನ್ನೂ ಸ್ವಲ್ಪ ಬಗ್ಗಿಸುತ್ತಾರೆ.

ಮಾವ ಶೇಂಗಾ ವ್ಯಾಪಾರಿ. ಈಗ ಎಣ್ಣೆ ಮಿಲ್ಲನ್ನು ಮಗನಿಗೆ ವಹಿಸಿ ಮನೆಯಲ್ಲಿದ್ದಾರೆ, ಆದರೆ ಅವರ ಕೈ ಮತ್ತು ಕಿವಿ ಇನ್ನೂ ನಿವೃತ್ತಿಯಾಗಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಚೀಲದಿಂದ ಒಂದು ಹಿಡಿ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗಿನ ಕಾಳಿನ ಜಾತಕವೆಲ್ಲ ಅವರಿಗೆ ತಿಳಿಯುತ್ತಿತ್ತು. ಚೆನ್ನಾಗಿ ಒಣಗಿದ ಕಾಯಿ ಗಲಗಲ ಅನ್ನುತ್ತದೆ, ಹಸಿ ಕಾಯಿ ತೆಪ್ಪಗಿರುತ್ತದೆ. ಈ ಒಂದು ಸತ್ಯವನ್ನು ಮಾವ ಇಡೀ ಜಗತ್ತಿಗೇ ಅನ್ವಯಿಸಿಬಿಟ್ಟಿದ್ದಾರೆ. ಗಡಿಯಾರ, ಮಿಕ್ಸಿ, ಟಾರ್ಚು, ಏನು ಕೊಟ್ಟರೂ ಮೊದಲು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ನನ್ನನ್ನು ನೋಡಲು ಬಂದ ಗಂಡಿನ ಕೈ ಹಿಡಿದು ಅವರು ಎಷ್ಟು ಹೊತ್ತು ಕುಲುಕಿದರೆಂದರೆ, ಪಾಪ, ಆತ ಕಾಫಿಯನ್ನು ಎಡಗೈಯಲ್ಲೇ ಕುಡಿದು ಮುಗಿಸಬೇಕಾಯಿತು. "ಹುಡುಗ ಹೆಂಗವ್ನೆ?" ಎಂದು ಅವ್ವ ಕೇಳಿದಳು. "ಪರ್ವಾಗಿಲ್ಲ" ಅಂದರು ಮಾವ. ಮದುವೆ ಗೊತ್ತಾಗಿಯೇ ಹೋಯಿತು!

ಯಾಕೆಂದರೆ "ಪರ್ವಾಗಿಲ್ಲ" ಎಂಬುದು ಮಾವನ ಬಾಯಿಂದ ಹೊರಡುವ ಅತಿ ದೊಡ್ಡ ಪ್ರಶಸ್ತಿ. ಕೊಳ್ಳುವ ಮಾಲನ್ನು ಹೊಗಳಬಾರದು, ಹೊಗಳಿದರೆ ರೇಟು ಏರುತ್ತದೆ ಎಂಬುದು ಯಾರ್ಡಿನ ನಿಯಮ. ಯಾರ್ಡಿನ ನಿಯಮವನ್ನು ಯಾರ್ಡಿನಲ್ಲೇ ಬಿಟ್ಟು ಬರಬೇಕೋ ಬೇಡವೋ? ಮಾವ ಮನೆಗೂ ತಂದರು. ಅತ್ತೆ ಎಂಥ ಅಡುಗೆ ಮಾಡಿ ಬಡಿಸಿದರೂ "ಪರ್ವಾಗಿಲ್ಲ." ಹೊಸ ಸೀರೆ ಉಟ್ಟು ಎದುರು ನಿಂತರೂ "ಪರ್ವಾಗಿಲ್ಲ." ಅತ್ತೆಯಾದರೋ ಮೊಳಕಾಲ್ಮುರಿನ ರೇಷ್ಮೆ ನೇಯುವ ಮನೆಯ ಹೆಣ್ಣುಮಗಳು. ರೇಷ್ಮೆ ಸೀರೆಗೂ "ಪರ್ವಾಗಿಲ್ಲ" ಅನ್ನಿಸಿಕೊಂಡು ಸಂಸಾರ ಮಾಡಿದ್ದು ಅವರ ದೊಡ್ಡತನ. "ಈ ಮನುಷ್ಯನ ಬಾಯಾಗೆ ಒಂದ್ಸಲ 'ಚೆನ್ನಾಗೈತೆ' ಅನ್ನಿಸ್ದೆ ನಾನು ಸಾಯಕಿಲ್ಲ ಕಣೇ" ಎಂದು ನನ್ನ ಹತ್ತಿರ ಶಪಥ ಮಾಡಿದ್ದರು.

ಹೋದ ವರ್ಷ ಅತ್ತೆಗೆ ಸಣ್ಣದಾಗಿ ಲಕ್ವ ಹೊಡೆಯಿತು. ನಡಿಗೆ ಬೇಗ ವಾಪಸ್ ಬಂತು. ಮಾತು ಬಡ್ಡಿ ಸಮೇತ ವಾಪಸ್ ಬಂತು. ಬಲಗೈಯ ಬೆರಳುಗಳು ಮಾತ್ರ ಮುನಿಸಿಕೊಂಡು ಕೂತುಬಿಟ್ಟವು. ಮಡಚು ಅಂದರೆ ಮಡಚುವುದಿಲ್ಲ, ಹಿಡಿ ಅಂದರೆ ಹಿಡಿಯುವುದಿಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಚುಕಬೇಕು ಅಂದರು. ಅತ್ತೆ ಒಂದೆರಡು ದಿನ ಹಿಚುಕಿ, "ಇದೇನ್ ನಾಯಿ ಆಡೋ ಚೆಂಡು!" ಎಂದು ಪಕ್ಕದ ಮನೆಯ ನಾಯಿಗೇ ದಾನ ಮಾಡಿದರು. ನಾಯಿಯ ಆರೋಗ್ಯ ಸುಧಾರಿಸಿತು.

ಆಮೇಲೆ ಅತ್ತೆಯನ್ನು ಕಾಪಾಡಿದ್ದು ದೆವ್ವಗಳು. ಹೆದರಬೇಡಿ, ಕಂಪ್ಯೂಟರಿನ ದೆವ್ವಗಳು! ಮಿಲ್ಲಿನಿಂದ ಮಗ ತಂದಿಟ್ಟ ಹಳೆಯ ಕಂಪ್ಯೂಟರಿನಲ್ಲಿ ಒಂದು ಆಟವಿತ್ತು. ದೆವ್ವಗಳು ಕುರಿಮಂದೆಯ ಹಾಗೆ ನುಗ್ಗಿ ಬರುತ್ತವೆ, ಮೌಸ್ ಹಿಡಿದು ಗುರಿಯಿಟ್ಟು ಹೊಡೆದು ಕೆಡವಬೇಕು. ಬೇಜಾರು ಕಳೆಯಲೆಂದು ಒಂದು ದಿನ ಅದರ ಮುಂದೆ ಕೂತ ಅತ್ತೆ ಮಾರನೆಯ ದಿನದಿಂದ ಅಲ್ಲಿಂದ ಏಳಲೇ ಇಲ್ಲ. ಮೂಗಿನ ತುದಿಗೆ ಕನ್ನಡಕ, ಹಣೆಯಲ್ಲಿ ಕುಂಕುಮ, ಎದುರಿಗೆ ದೆವ್ವ. "ಬಾ ನಿನ್ ಮುಖಕ್ಕಿಷ್ಟು! ಎಲ್ಲಿಗ್ ಓಡ್ತೀಯಾ?" ಎಂದು ಅವರು ಕೂಗಿದರೆ ಪಕ್ಕದ ಊರು ನನ್ನಿವಾಳದವರೆಗೂ ಕೇಳಿಸುತ್ತಿತ್ತೆಂದು ನನ್ನ ಅಂದಾಜು. ಡಾಕ್ಟರಿಗೆ ಹೇಳಿದರೆ ಅವರು ಖುಷಿಪಟ್ಟರು. "ಆಡ್ಲಿ ಬಿಡಿ. ಬೆರಳು ಪಳಗೋಕೆ ಇದೇ ಕಾಲ. ಈಗ ಸುಮ್ನೆ ಕೂತ್ರೆ ಆ ಕೈ ಮರಗಟ್ಟಿ ಹೋಗುತ್ತೆ" ಅಂದರು.

ತೊಂದರೆ ಬಂದದ್ದು ಮೌಸ್‌ನಿಂದ. ಬೆರಳಿನಲ್ಲಿ ಬಲವಿಲ್ಲದ ಅತ್ತೆ ಗುಂಡಿಯನ್ನು ಒತ್ತುತ್ತಿರಲಿಲ್ಲ, ಇಡೀ ಅಂಗೈಯಿಂದ ಬಡಿಯುತ್ತಿದ್ದರು. ರೊಟ್ಟಿ ತಟ್ಟಿದ ಕೈ! ಒಂದು ಮೌಸ್ ಸತ್ತಿತು. ಇನ್ನೊಂದು ತಂದರೆ ಅದೂ ಸತ್ತಿತು. ಮತ್ತೊಂದು ಹೋದಾಗ ಅತ್ತೆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, "ಸಾಕ್ ಬಿಡ್ರಿ. ಮುದುಕಿಗ್ಯಾಕೆ ಈ ದಂಡ. ಕೈ ಹೆಂಗೈತೋ ಹಂಗೇ ಇರ್ಲಿ" ಅಂದುಬಿಟ್ಟರು. ಅವತ್ತಿನಿಂದ ದೆವ್ವಗಳು ಆರಾಮಾದವು, ಮನೆ ಮಾತ್ರ ಹಾಳು ಸುರಿಯತೊಡಗಿತು. ಸೆರಗಿನೊಳಗೆ ಹೋದ ಕೈ ಹೊರಗೆ ಬರಲೇ ಇಲ್ಲ.

ನಾನು ಚಳ್ಳಕೆರೆಯಲ್ಲಿ ಮದುವೆ ಕಾರ್ಡು ಡಿಸೈನ್ ಮಾಡುವ ಅಂಗಡಿ ಇಟ್ಟುಕೊಂಡಿದ್ದೇನೆ. ದಿನವಿಡೀ ಮೌಸ್ ಹಿಡಿಯುವವಳು ನಾನೇ ಆದ್ದರಿಂದ ಮಾವ ಒಂದು ಬೆಳಿಗ್ಗೆ ನನ್ನೆದುರು ಬಂದು ಕೂತರು.

"ಒಂದ್ ಮೌಸ್ ಬೇಕಮ್ಮ. ಏಟಿಗೆ ಕಲ್ಲಿನಂಗಿರ್ಬೇಕು, ಕೈಗೆ ಬೆಣ್ಣೆ ಇದ್ದಂಗಿರ್ಬೇಕು."

"ಗೇಮಿಂಗ್ ಮೌಸ್ ಅಂತ ಬರ್ತೈತೆ ಮಾವ. ಆಟ ಆಡೋರಿಗೇ ಮಾಡಿರೋದು. ಗುಂಡಿ ಗಟ್ಟಿ, ಹಿಡಿಯೋಕೆ ಹಗುರ. ಮೆತ್ತಗೆ ಒತ್ತಿದ್ರೂ ಕೇಳ್ತೈತೆ, ಬಡಿಯೋದೇ ಬೇಕಾಗಲ್ಲ."

"ನಡಿ, ನೋಡೇಬಿಡಾನ."

ಆ ಮಾತಿಗೆ ಒಪ್ಪಿ ನಾನು ಅಂಗಡಿ ಬಾಗಿಲು ಎಳೆದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ!

ಕಂಪ್ಯೂಟರ್ ಅಂಗಡಿಯಾತ ಸಾಲಾಗಿ ಮೌಸ್ ಜೋಡಿಸಿದ. ಮೊದಲನೆಯದಕ್ಕೆ ಮೈತುಂಬ ಬಣ್ಣದ ದೀಪ. "ಇದಕ್ಯಾಕಪ್ಪ ಸೀರಿಯಲ್ ಸೆಟ್ಟು? ಗಣಪತಿ ಕೂರಿಸ್ತೀಯಾ?" ಎಂದು ಮಾವ ಬದಿಗಿಟ್ಟರು. ಎರಡನೆಯದು ಜೇನುಗೂಡಿನ ಹಾಗೆ ತೂತುತೂತು, ಹಗುರವಾಗಿರಲೆಂದು ಹಾಗೆ ಮಾಡಿರುತ್ತಾರೆ. "ಹುಳ ಬಿದ್ದಿರೋ ಮಾಲು" ಅಂದರು. ಇನ್ನೊಂದರ ಡಬ್ಬಿಯ ಮೇಲೆ ಕೋಟಿಗಟ್ಟಲೆ ಸಲ ಒತ್ತಿದರೂ ಕೆಡುವುದಿಲ್ಲ ಎಂದು ಬರೆದಿತ್ತು. "ಕುಂತ್ಕೊಂಡ್ ಎಣಿಸ್ದೋರು ಯಾರು? ಅವ್ರನ್ನ ಕರ್ಸು" ಅಂದರು. ಅಂಗಡಿಯಾತ ನನ್ನ ಮುಖ ನೋಡಿದ. ನಾನು ಸೀಲಿಂಗ್ ಫ್ಯಾನ್ ನೋಡಿದೆ.

ಆಮೇಲೆ ಶುರುವಾಯಿತು ಕಿವಿಯ ಪರೀಕ್ಷೆ. ಮಾವ ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿದರು. "ತೆಪ್ಪಗೈತೆ. ಇದೂ ತೆಪ್ಪಗೈತೆ. ಎಲ್ಲಾ ಹಸಿ ಮಾಲು!" ಕೊನೆಗೆ ಮೂಲೆಯಲ್ಲಿದ್ದ ಒಂದನ್ನು ಅಲ್ಲಾಡಿಸಿದರೆ ಗಲಗಲ ಅಂತು. ಮಾವನ ಮುಖ ಅರಳಿತು.

"ಸಾಹುಕಾರ್ರೇ, ಅದು ರಿಟರ್ನ್ ಬಂದಿದ್ದು. ಒಳಗೆ ಏನೋ ಕಳಚಿಕೊಂಡೈತೆ" ಎಂದು ಅಂಗಡಿಯಾತ ಗೋಗರೆದ.

"ಒಳ್ಳೇದನ್ನ ಬಚ್ಚಿಡೋ ವ್ಯಾಪಾರ ನನ್ ಹತ್ರ ಬ್ಯಾಡ ಕಣಪ್ಪ. ನಾನೂ ವ್ಯಾಪಾರದೋನೇ!"

ನಾನು ಹೇಳಿದೆ, ಅಂಗಡಿಯಾತ ಹೇಳಿದ, ಪಕ್ಕದಲ್ಲಿ ಮೊಬೈಲಿಗೆ ಕವರ್ ಹಾಕಿಸುತ್ತಿದ್ದವರೂ ಹೇಳಿದರು. ಮಾವ ಕೇಳಲಿಲ್ಲ. ಕೆಟ್ಟ ಮೌಸನ್ನೇ ಹಟ ಹಿಡಿದು ಕೊಂಡುಕೊಂಡ ಗಿರಾಕಿ ಭೂಮಿಯ ಮೇಲೆ ನಮ್ಮ ಮಾವ ಒಬ್ಬರೇ ಇರಬೇಕು. ಮನೆಗೆ ಬಂದು ಸಿಕ್ಕಿಸಿದರೆ ಅದು ಉಸಿರೇ ಎತ್ತಲಿಲ್ಲ. ಅತ್ತೆ ದೂರದಿಂದಲೇ, "ಒಣಗಿದ್ದು ಜಾಸ್ತಿ ಆಗೈತೇನೋ ಕಣ್ರಿ" ಅಂದರು.

ಮಾವ ಸೋಲೊಪ್ಪುವ ಪೈಕಿಯಲ್ಲ. ಮಾರನೆಯ ದಿನ ಅಂಗಡಿಯಾತನನ್ನು ಹೇಗೋ ಒಪ್ಪಿಸಿ ಒಂದಷ್ಟು ಮೌಸ್‌ಗಳನ್ನು ಸ್ಯಾಂಪಲ್ ಎಂದು ಚೀಲಕ್ಕೆ ತುಂಬಿಸಿಕೊಂಡರು. ಶೇಂಗಾಕ್ಕೆ ಸ್ಯಾಂಪಲ್ ಇರುವಾಗ ಇದಕ್ಕೇಕೆ ಇರಬಾರದು? "ಗಟ್ಟಿಯಾದ್ದನ್ನ ನಾನ್ ನೋಡ್ಕಂತೀನಿ. ಕೈಗೆ ಒಗ್ಗೋದು ಯಾವ್ದು ಅಂತ ನಿಮ್ಮತ್ತೆ ತಮ್ಮನ್ನ ಕೇಳಾನ ನಡಿ, ಮಗ್ಗ ನೇಯ್ದು ಬೆರಳಲ್ಲೇ ಬದುಕೋನು ಅವ್ನು" ಎಂದು ನನ್ನನ್ನು ಮೊಳಕಾಲ್ಮುರಿನ ಬಸ್ಸು ಹತ್ತಿಸಿದರು.

ತಳಕು ಬರುವಷ್ಟರಲ್ಲಿ ಚೀಲದ ಬಾಯಿ ಬಿಚ್ಚಿತ್ತು. "ಸ್ವಲ್ಪ ಹಿಡ್ದು ನೋಡ್ರಮ್ಮ, ಹೆಂಗೈತೆ ಹೇಳ್ರಿ" ಎಂದು ಮಾವ ಸೀಟುಸೀಟಿಗೂ ಮೌಸ್ ಹಂಚಿದರು. ರಾಂಪುರಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ಒಂದನ್ನು ಮೂಗಿಗೆ ಹಿಡಿದು, "ಎಂಥ ಸಾಬೂನಪ್ಪ ಇದು, ವಾಸ್ನೇನೇ ಇಲ್ಲ!" ಎಂದು ವಾಪಸ್ ಕೊಟ್ಟರು. ಇಳಿಯುವಾಗ ಎಲ್ಲವೂ ಚೀಲಕ್ಕೆ ಮರಳಿದವು ಎಂಬುದು ನಮ್ಮ ಕಡೆಯ ಜನರ ಪ್ರಾಮಾಣಿಕತೆಗೆ ಸಾಕ್ಷಿ. ಅಥವಾ ಯಾರಿಗೂ ಸಾಬೂನು ಬೇಕಿರಲಿಲ್ಲವೋ ಏನೋ.

ಅತ್ತೆಯ ತಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಮಾವ ಎಲ್ಲ ಮೌಸ್‌ಗಳನ್ನೂ ಎದುರಿಗೆ ಹರವಿದರು.

"ಏಂ ಬಾವಾ, ಅಂಗಡಿ ಇಟ್ರಾ?" ಎಂದರು ಅವರು, ಮನೆಯ ತೆಲುಗು ಬೆರೆಸಿ.

"ನಿಮ್ಮಕ್ಕನ ಕೈಗೆ ಯಾವ್ದು ಒಗ್ತೈತೆ ಹೇಳೋ."

"ಚೆಯ್ಯಿ ಚೂಡಕುಂಡಾ ಎಟ್ಲಾ ಬಾವಾ? ಕೈ ನೋಡ್ದೆ ಹೆಂಗೆ ಹೇಳ್ಲಿ? ಎಷ್ಟುದ್ದ ಐತೆ ಅಕ್ಕನ ಕೈ? ನೀವೇ ತೋರ್ಸ್ರಿ."

ಮಾವ ತಮ್ಮ ಎರಡೂ ಕೈಗಳನ್ನು ಎದುರುಬದುರು ಹಿಡಿದು ತೋರಿಸಿದರು. ಮೊದಲು ದೋಸೆಯಷ್ಟಗಲ ತೋರಿಸಿದರು. ಸ್ವಲ್ಪ ಯೋಚಿಸಿ ಇಡ್ಲಿಯಷ್ಟಕ್ಕೆ ಇಳಿಸಿದರು. ಮತ್ತೆ ಹಿಗ್ಗಿಸಿದರು. ಅತ್ತೆಯ ತಮ್ಮ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಧಾರೆ ಎರೆದ ದಿನ ಹಿಡ್ದಿದ್ದು ನೋಡ್ರಿ ನೀವು! ಆಮ್ಯಾಕೆ ಯಾವತ್ತಾನ ಹಿಡ್ದಿದ್ರಾ ಬಾವಾ?"

ನಾನೂ ಜೋರಾಗಿ ನಕ್ಕೆ. ಮಾವ ನಗಲಿಲ್ಲ. ಮೌಸ್‌ಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು ಎದ್ದರು. ವಾಪಸ್ ಬರುವ ಬಸ್ಸಿನಲ್ಲಿ ಯಾರಿಗೂ ಏನನ್ನೂ ಹಂಚಲಿಲ್ಲ. ಕಿಟಕಿ ಪಕ್ಕ ಕೂತು ತಮ್ಮ ಅಂಗೈಯನ್ನೇ ಆಗಾಗ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನನಗೆ ಪಾಪ ಅನ್ನಿಸಿತು.

ಮನೆಗೆ ಬಂದವರೇ ನನಗೆ ಒಂದು ರಾಗಿಮುದ್ದೆ ಕಟ್ಟಲು ಹೇಳಿದರು. ಹೊಟ್ಟೆ ಹಸಿದಿರಬೇಕೆಂದು ನಾನು ಸಾರನ್ನೂ ಬಿಸಿಗಿಟ್ಟೆ. ಸಾರು ಬೇಡವಂತೆ! ಮುದ್ದೆ ಆರುವವರೆಗೆ ಕಾದು, ತಟ್ಟೆ ಹಿಡಿದುಕೊಂಡು ಅತ್ತೆಯ ಮುಂದೆ ಕೂತರು.

"ಕೈ ಕೊಡು."

"ಯಾಕ್ರಿ?"

"ಅಳ್ತೆ ತಗೋಬೇಕು."

"ಮುದ್ದೇಲಾ? ತಲೆ ನೆಟ್ಟಗೈತಾ ನಿಮ್ದು?"

ಮಾವ ಸೆರಗಿನೊಳಗಿದ್ದ ಕೈಯನ್ನು ಮೆಲ್ಲಗೆ ಹೊರಗೆ ತೆಗೆದರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮುದ್ದೆಯ ಮೇಲೆ ಕೂರಿಸಿದರು, ತಮ್ಮ ಕೈಯನ್ನು ಅದರ ಮೇಲಿಟ್ಟು ಹಗುರವಾಗಿ ಒತ್ತಿದರು. ಅತ್ತೆಯ ಮುಖ ಕೆಂಪಗಾಯಿತು. ಈ ವಯಸ್ಸಿನಲ್ಲಿ!

"ಆಯ್ತಾ? ಬಿಡ್ರಿ, ಹುಡ್ಗಿ ನೋಡ್ತಾಳೆ."

"ಸುಮ್ಕಿರು. ಅಚ್ಚು ಇನ್ನೂ ಕೂತಿಲ್ಲ."

ಅಚ್ಚು ಯಾವಾಗಲೋ ಕೂತಿತ್ತು. ಅದನ್ನು ಹೇಳುವ ಹುಚ್ಚು ಕೆಲಸಕ್ಕೆ ನಾನು ಹೋಗಲಿಲ್ಲ.

ಮರುದಿನ ಮಾವ ಕಂಪ್ಯೂಟರ್ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಟವೆಲಿನ ಗಂಟು ಬಿಚ್ಚಿದರು. "ಊಟ ಆಗಿಲ್ವಾ ಸಾಹುಕಾರ್ರೇ?" ಎಂದು ಅಂಗಡಿಯಾತ ಗಾಬರಿಯಾದ. "ಇಂಥದ್ದೇ ಕೊಡು. ಮ್ಯಾಲೆ ಗುಂಡಿ ಇದ್ರಾತು" ಅಂದರು ಮಾವ. ರಾತ್ರಿಯಿಡೀ ಆರಿ ಗಟ್ಟಿಯಾದ ಮುದ್ದೆಯ ಮೇಲೆ ಅತ್ತೆಯ ಅಂಗೈಯ ಗುಳಿ, ಐದು ಬೆರಳಿನ ಸಾಲು ಸ್ಪಷ್ಟವಾಗಿದ್ದವು. ಆತ ಒಳ್ಳೆಯ ಮನುಷ್ಯ. ನಗು ತಡೆದುಕೊಂಡು, ಮುದ್ದೆಯ ಪಕ್ಕ ಒಂದೊಂದೇ ಮೌಸ್ ಇಟ್ಟು ಹೋಲಿಸುತ್ತ ಹೋದ. ಒಳಗಿನಿಂದ ತಂದ ಒಂದು ಕಪ್ಪು ಮೌಸ್ ಮುದ್ದೆಯ ತಮ್ಮನ ಹಾಗಿತ್ತು. ಬೆನ್ನು ಉಬ್ಬು, ಹೆಬ್ಬೆರಳಿಗೆ ಒರಗಲು ಜಾಗ, ಪಕ್ಕಗಳಲ್ಲಿ ಕೈ ಜಾರದಂಥ ರಬ್ಬರು, ಮುಟ್ಟಿದರೆ ಸಾಕು ಅನ್ನುವ ಗುಂಡಿ. ದೀಪವಿಲ್ಲ, ತೂತಿಲ್ಲ. ಮಾವ ಅಭ್ಯಾಸಬಲದಿಂದ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ತೆಪ್ಪಗೈತೆ."

"ತೆಪ್ಪಗೇ ಇರ್ಬೇಕು ಮಾವ!"

"ಹಂಗಾ? ಪರ್ವಾಗಿಲ್ಲ, ಕಟ್ಟು."

ದೆವ್ವಗಳಿಗೆ ಮತ್ತೆ ಕೆಟ್ಟ ಕಾಲ ಬಂತು. ಬಡಿಯುತ್ತಿದ್ದ ಅತ್ತೆ ನಿಧಾನಕ್ಕೆ ಒತ್ತುವುದಕ್ಕೆ ಬಂದರು. ಮೌಸ್ ಇವತ್ತಿಗೂ ಗಟ್ಟಿಯಾಗಿದೆ. ಆದರೆ ಮಾವನ ಅಳತೆ ಮಾತ್ರ ಮುಗಿಯಲಿಲ್ಲ. ದಿನಾ ಸಂಜೆ ಆಟಕ್ಕೆ ಮೊದಲು ಅತ್ತೆಯ ಪಕ್ಕ ಕುರ್ಚಿ ಎಳೆದುಕೊಂಡು ಆ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಕೂರುತ್ತಾರೆ. "ಮೌಸ್ ಬಂತಲ್ಲ ಮಾವ, ಇನ್ನೇನ್ ಅಳ್ತೆ?" ಎಂದರೆ, "ಸೈಜು ಏನಾನ ಬದಲಾಗೈತೇನೋ ಅಂತ ನೋಡ್ತಿದೀನಿ" ಅನ್ನುತ್ತಾರೆ.

ಮೊನ್ನೆ ನಾನು ಹೋದಾಗಲೂ ಹಾಗೇ ಕೂತಿದ್ದರು. ಅತ್ತೆ ನನ್ನ ಹತ್ತಿರ ಏನೋ ಊರ ಸುದ್ದಿ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ಮಾವ ಅಲುಗಾಡದೆ ಕೂತುಬಿಟ್ಟರು. ಏನಾಯಿತೆಂದು ನೋಡಿದರೆ, ಅತ್ತೆಯ ಬೆರಳುಗಳು ಒಂದರ ಹಿಂದೊಂದು ಮಡಚಿ, ಮಾವನ ಕೈಯನ್ನು ಹಿಡಿದುಕೊಂಡಿದ್ದವು. ಸಡಿಲವಾಗಿ ಅಲ್ಲ, ಬಿಗಿಯಾಗಿ.

"ಹಿಡಿತ ಹೆಂಗೈತೆ ಮಾವ?" ಎಂದು ಕೇಳಿದೆ. ಆ ಹಳೆಯ ಉತ್ತರಕ್ಕೆ ನಾನೂ ಅತ್ತೆಯೂ ಕಾದೆವು. ಮಾವ ಇನ್ನೊಂದು ಕೈಯಿಂದ ಟವೆಲ್ ಎತ್ತಿ ಕಣ್ಣೊರೆಸಿಕೊಂಡರು.

"ಚೆನ್ನಾಗೈತೆ" ಅಂದರು. "ಭಾಳ ಚೆನ್ನಾಗೈತೆ."

ಅತ್ತೆ ಹಿಡಿದ ಕೈ ಬಿಡದೆ, "ಹೊಗಳ್ಬ್ಯಾಡ್ರಿ, ರೇಟು ಏರ್ತೈತೆ" ಅಂದರು.

"ಏರ್ಲಿ ಬಿಡು" ಅಂದರು ಮಾವ.