ಹತ್ತು ಹುಣಸೆಬೀಜ ಕಡಿಮೆ

ಕೆಲಸಕ್ಕೆ ಸೇರಿ ಮೂರು ವರ್ಷವಾದರೂ ನಾನು ಒಂದೇ ಒಂದು ಸಭೆಗೂ ಹಾಜರಾಗಿರಲಿಲ್ಲ. ಹೀಗೆಂದು ಹೇಳುವುದು ನನ್ನ ಮೇಲಧಿಕಾರಿಗಳಲ್ಲ, ನನ್ನದೇ ಕೈಬರಹ. ಸಭೆಯ ನಡಾವಳಿ ಬರೆಯುವವನು ನಾನು. ‘ಹಾಜರಿದ್ದವರು’ ಎಂಬ ಪಟ್ಟಿಯನ್ನೂ ನಾನೇ ಬರೆಯುತ್ತೇನೆ. ಬರೆಯುವವನ ಹೆಸರನ್ನು ಅದರಲ್ಲಿ ಸೇರಿಸುವ ಪದ್ಧತಿ ನಮ್ಮಲ್ಲಿಲ್ಲ. ಇದರಿಂದ ಲೋಕಕ್ಕೇನೂ ನಷ್ಟವಿಲ್ಲ. ಆದರೆ ಟೀ ತರುವ ಬಾಷಾ ಭಾಯ್ ಆ ಪಟ್ಟಿ ನೋಡಿಯೇ ಲೋಟ ಎಣಿಸುತ್ತಾರೆ. “ಲಿಸ್ಟಲ್ಲಿ ಹದಿನಾಲ್ಕು ಐತೆ ಸಾರ್, ಹದಿನಾಲ್ಕು ತಂದಿದೀನಿ. ನಿಮ್ದೂ ನಾಮ್ ಬರ್ಕೊಳ್ಳಿ ಅಂದ್ರೆ ಕೇಳಲ್ಲ” ಎಂದು ಪ್ರತಿ ತಿಂಗಳೂ ಗೊಣಗುತ್ತಾರೆ. ಹೀಗೆ ನನ್ನ ಮೂಗಿನ ಮುಂದೆಯೇ ಹಾದುಹೋದ ಟೀ, ನನ್ನ ಡೈರಿಯ ಪ್ರಕಾರ, ಮೂವತ್ತೊಂದು ಲೋಟ.

ನಮ್ಮ ಕಚೇರಿ ಶಿವಾಜಿನಗರದ ಬಸ್ ನಿಲ್ದಾಣದಿಂದ ಎಂಟು ನಿಮಿಷದ ನಡಿಗೆ, ಸಭೆಯಿರುವ ಮಂಗಳವಾರಗಳಲ್ಲಿ ಹನ್ನೊಂದು. ತಿಂಗಳಿಗೊಂದು ಮಂಗಳವಾರ ಕೃಷಿ ಸಂಶೋಧನೆ ಮಾಡುವವರೂ, ಅದನ್ನು ರೈತರಿಗೆ ತಲುಪಿಸುವ ವಿಸ್ತರಣೆಯವರೂ ಅಲ್ಲಿ ಕೂಡಿ, ಮುಂದಿನ ವರ್ಷ ಯಾವ ಸಮಸ್ಯೆಗೆ ಆದ್ಯತೆ ಎಂದು ಚರ್ಚಿಸುತ್ತಾರೆ. ಇದರ ಹೆಸರು ಜಂಟಿ ಯೋಜನಾ ಸಭೆ. ನಿಜವಾಗಿ ಜಂಟಿಯಾಗಿರುವುದು ಮೇಜು. ಎತ್ತರ ಹೊಂದದ ಎರಡು ಮೇಜುಗಳನ್ನು ಒತ್ತಿ ಕೂಡಿಸಿ ಒಂದು ಮಾಡಿದ್ದಾರೆ. ಕಿಟಕಿಯ ಕಡೆಯ ಮೇಜಿಗೆ ಸಂಶೋಧನೆ, ಫ್ಯಾನಿನ ಕಡೆಯದಕ್ಕೆ ವಿಸ್ತರಣೆ, ನಡುವಿನ ಸಂದಿಗೆ ನಾನು. ಆ ಸಂದಿಯಲ್ಲಿ ಇದುವರೆಗೆ ನನ್ನ ನಾಲ್ಕು ಪೆನ್ಸಿಲ್ ಮತ್ತು ಯಾರದೋ ಅರ್ಧ ಬಿಸ್ಕತ್ತು ಬಿದ್ದುಹೋಗಿವೆ.

ಈಚೆಗೆ ಆದ್ಯತೆಯನ್ನು ನಿರ್ಧರಿಸಲು ಅಧ್ಯಕ್ಷರು ಒಂದು ಹೊಸ ಕ್ರಮ ತಂದರು. ಗೋಡೆಯ ಪಕ್ಕ ಆರು ಹಾಳೆ, ಒಂದೊಂದರ ಮೇಲೂ ಒಂದು ಸಮಸ್ಯೆ. ಸದಸ್ಯರಿಗೆಲ್ಲ ತಲಾ ಹತ್ತು ಹುಣಸೆಬೀಜ. ತಮಗೆ ಮುಖ್ಯವೆನಿಸಿದ ಹಾಳೆಯ ಮೇಲೆ ಇಡಬೇಕು. ಹೆಚ್ಚು ಬೀಜ ಬಿದ್ದ ಐದು ಸಮಸ್ಯೆಗಳನ್ನು ಕೈಗೆತ್ತಿಕೊಳ್ಳುವುದು, ಆರನೆಯದನ್ನು ಕೈಬಿಡುವುದು. ನನಗೆ ಬೀಜ ಕೊಡಲಿಲ್ಲ, ಬಿದ್ದದ್ದನ್ನು ಎಣಿಸಲು ಹೇಳಿದರು.

ಆ ದಿನ ರೈತರ ಪರವಾಗಿ ಕೆ.ಆರ್. ಪುರದ ಆಚೆ ಸೊಪ್ಪು ಬೆಳೆಯುವ ನಾರಾಯಣಮ್ಮ ಬಂದಿದ್ದರು. ಮಾತಾಡಿ ಎಂದಾಗ ಎದ್ದು ನಿಂತರು. “ನಂದು ಒಂದೇ ಸಾರ್. ದಂಟಿನ ಸೊಪ್ಪು ತಿರುಗಿಸಿದ್ರೆ ಹಿಂದೆಲ್ಲ ಬಿಳೀ ಗುಳ್ಳೆ. ಸಂತೇಲಿ ಹೆಂಗಸ್ರು ತಿರುಗಿಸಿ ನೋಡ್ದೆ ತಗೊಳಲ್ಲ. ಇವತ್ತೂ ಸಂತೆ ಬಿಟ್ಟು ಬಂದಿದೀನಿ, ಏನ್ ಮಾಡ್ಬೇಕು ಬೇಗ ಹೇಳಿ.”

ಕಿಟಕಿಯ ಕಡೆಯ ವಿಜ್ಞಾನಿಯೊಬ್ಬರು, “ಇದಕ್ಕೆ ಪರಿಹಾರ ನಾವು ಕೊಟ್ಟಾಗಿದೆ. ವಿಸ್ತರಣೆಯವರು ಹೇಳಿಲ್ಲ, ಅಷ್ಟೆ” ಎಂದರು. ಫ್ಯಾನಿನ ಕಡೆಯಿಂದ ಉತ್ತರ ಬಂತು: “ಹೇಳಿದೀವಿ ಡಾಕ್ಟ್ರೆ. ಮಳೆಗಾಲದಲ್ಲಿ ಅದು ಕೆಲಸ ಮಾಡಲ್ಲ. ಸಂಶೋಧನೆ ಆಗ್ಬೇಕು.” ಬಿಳಿ ಗುಳ್ಳೆ ಆರನೆಯ ಹಾಳೆಯಾಯಿತು. ಈ ಕಡೆಯವರು ಆ ಕಡೆಯವರು ಬೀಜ ಇಡುತ್ತಾರೆಂದುಕೊಂಡರು, ಆ ಕಡೆಯವರು ಈ ಕಡೆಯವರು ಇಡುತ್ತಾರೆಂದುಕೊಂಡರು. ಕೊನೆಗೆ ಆ ಹಾಳೆಯ ಮೇಲೆ ಬಿದ್ದದ್ದು ಸೊನ್ನೆ. ರೈತರಿಗೆ ಹಂಚುವ ಕಿರುಹೊತ್ತಿಗೆಯ ಮುಖಪುಟಕ್ಕೆ ಯಾವ ಬಣ್ಣ ಎಂಬ ಸಮಸ್ಯೆಗೂ ಒಂಬತ್ತು ಬೀಜ ಬಿದ್ದು, ಅದು ಐದನೆಯ ಸ್ಥಾನ ಪಡೆಯಿತು.

ತೊಂದರೆ ಶುರುವಾದದ್ದು ಆಮೇಲೆ. ಹದಿನಾಲ್ಕು ಜನರ ಬೀಜ ನೂರ ನಲವತ್ತು ಇರಬೇಕು. ಮೂರು ಸಲ ಎಣಿಸಿದರೂ ನೂರ ಮೂವತ್ತೇ. “ಹತ್ತು ಹುಣಸೆಬೀಜಕ್ಕೆ ಯಾಕ್ರೀ ತಲೆ ಕೆಡಿಸ್ಕೊಳ್ತೀರ, ಎಲ್ಲಾದ್ರೂ ಸೇರಿಸ್ರಿ” ಎಂದರು ಅಧ್ಯಕ್ಷರು. ನನ್ನಿಂದಾಗಲಿಲ್ಲ. ಮರುದಿನದಿಂದ ಒಬ್ಬೊಬ್ಬ ಸದಸ್ಯರಿಗೂ ಫೋನ್ ಮಾಡಿ, “ಸರ್, ನಿಮ್ಮ ಬೀಜ ಎಲ್ಲಿಟ್ರಿ?” ಎಂದು ವಿಚಾರಿಸಿದೆ. ಇಬ್ಬರು ಬೈದರು, ಒಬ್ಬರು ಮಗಳ ಮದುವೆಯ ವಿಚಾರ ಹೇಳಿದರು. ನನ್ನ ಡೈರಿಯಲ್ಲಿ ‘ಮಾತಾಡಿದವರು’ ಎಂಬ ಕಾಲಂ ಇದೆ. ಆ ವಾರ ತುಂಬಿದಷ್ಟು ಅದು ಹಿಂದೆಂದೂ ತುಂಬಿರಲಿಲ್ಲ. ಕಗ್ಗದಾಸಪುರದ ನನ್ನ ಬಾಡಿಗೆ ಕೋಣೆಯಲ್ಲಿ ಭಾನುವಾರ ಆ ಕಾಲಂನಲ್ಲಿ ಸಾಮಾನ್ಯವಾಗಿ ಒಂದೇ ನಮೂದು: ಕೆಳಗಿನ ದೋಸೆ ಅಂಗಡಿಯವರು. “ಇಲ್ಲೇನಾ, ಪಾರ್ಸೆಲ್ಲಾ?” ಎಂದು ಅವರು ಕೇಳುತ್ತಾರೆ. ‘ಇಲ್ಲೇ’ ಎನ್ನಲು ಎರಡಕ್ಷರ, ‘ಪಾರ್ಸೆಲ್’ ಎನ್ನಲು ಮೂರು. ನಾನು ಪಾರ್ಸೆಲ್ ತರುತ್ತೇನೆ.

ಉಳಿದದ್ದು ನಾರಾಯಣಮ್ಮ ಒಬ್ಬರೇ. ಅವರ ಫೋನ್ ನಂಬರ್ ಯಾರ ಬಳಿಯೂ ಇರಲಿಲ್ಲ. ಸಭೆಯಾದ ಮೂರನೆಯ ಭಾನುವಾರ ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರಕ್ಕೆ ಹೋದೆ. ಮಾರುಕಟ್ಟೆಯ ಬದಿಯಲ್ಲಿ ಸೊಪ್ಪಿನ ಕಟ್ಟುಗಳ ಹಿಂದೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ಓ, ಮೇಜಿನ ಸಂದೀಲಿ ಕೂತ್ಕೊಂಡು ಬರೀತಿದ್ದೋನಲ್ವಾ?” ಎಂದರು. “ಅವತ್ತು ಎಲ್ರಿಗೂ ಟೀ ಕೊಟ್ರು, ನಿಂಗೊಬ್ಬಂಗೆ ಕೊಡ್ಲಿಲ್ಲ. ನಾನು ನೋಡ್ದೆ.”

ನಾನು ಸಭೆಯಲ್ಲಿದ್ದುದಕ್ಕೆ ಸಿಕ್ಕ ಮೊದಲ ಸಾಕ್ಷಿ ಅದು. ಬೀಜದ ವಿಚಾರ ತೆಗೆದೆ.

“ಬಿತ್ತಿಬಿಟ್ನಲ್ಲಪ್ಪ” ಎಂದರು. “ಅಷ್ಟು ದೊಡ್ಡ ಆಫೀಸ್ನೋರು ಕರೆಸಿ, ಎಣಿಸಿ ಹತ್ತು ಬೀಜ ಕೊಟ್ರೆ ಹೊಸ ತಳಿ ಅಂದ್ಕೊಳಲ್ವಾ? ಏಳು ಹುಟ್ಟಿದೆ. ಮೂರು ಜೊಳ್ಳು.”

ಅವು ಹಾಳೆಯ ಮೇಲೆ ಇಡಲು ಕೊಟ್ಟ ಬೀಜಗಳೆಂದು ವಿವರಿಸಿದೆ. ಅವರು ಬಹಳ ಹೊತ್ತು ನಕ್ಕರು, ಪಕ್ಕದ ಕೊತ್ತಂಬರಿಯವರನ್ನೂ ಕರೆದು ಹೇಳಿ ನಗಿಸಿದರು. ಆಮೇಲೆ ಗಂಭೀರರಾಗಿ, “ಹಂಗಾದ್ರೆ ಹತ್ತೂ ನನ್ನ ಸೊಪ್ಪಿಗೇ ಬರ್ಕೋ” ಎಂದರು. “ನೀನು ಯಾವ್ದಕ್ಕೆ ಹಾಕ್ದೆ?”

“ನನಗೆ ಬೀಜ ಕೊಡಲ್ಲ.”

“ಟೀನೂ ಕೊಡಲ್ಲ, ಬೀಜಾನೂ ಕೊಡಲ್ಲ. ಏನ್ ಕೆಲ್ಸನಪ್ಪ ನಿಂದು” ಎಂದು ಅವರೇ ಟೀ ತರಿಸಿದರು. ಮುಂದಿನ ತಿಂಗಳೂ ಬನ್ನಿ ಎಂದು ಕರೆದೆ. ಮಂಗಳವಾರ ಸಂತೆ, ಆಗಲ್ಲ ಎಂದರು. ಹೊರಟಾಗ ಹಾಲಿನ ಪ್ಯಾಕೆಟ್ಟಿನಲ್ಲಿ ಒಂದು ಹುಣಸೆ ಸಸಿ ಕೊಟ್ಟರು. ಆ ದಿನದ ನಮೂದು: ಮಾತಾಡಿದವರು, ದೋಸೆ ಅಂಗಡಿಯವರೂ ಸೇರಿ, ಮೂರು; ಮಾತು, ಎಣಿಸಲಿಲ್ಲ.

ನಡಾವಳಿಯಲ್ಲಿ ಬಿಳಿ ಗುಳ್ಳೆಗೆ ಹತ್ತು ಎಂದು ಬರೆದೆ. ಅದು ಐದನೆಯ ಸ್ಥಾನಕ್ಕೆ ಬಂತು, ಮುಖಪುಟದ ಬಣ್ಣ ಬಿದ್ದುಹೋಯಿತು. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಕನ್ನಡಕ ಏರಿಸಿ, “ಈ ಹತ್ತು ಎಲ್ಲಿಂದ ಬಂತ್ರಿ?” ಎಂದರು. “ಕೆ.ಆರ್. ಪುರದಿಂದ ಸರ್, ತಡವಾಗಿ” ಎಂದೆ. ಅವರು ಎರಡೂ ಕಡೆ ನೋಡಿ, “ಸರಿ, ಈ ಮಳೆಗಾಲ ಇಬ್ಬರೂ ಒಟ್ಟಿಗೆ ಆ ಯಮ್ಮನ ತೋಟಕ್ಕೇ ಹೋಗಿ. ಒಂದೇ ಜೀಪಲ್ಲಿ” ಎಂದರು.

ಆ ಗೆಲುವಿನ ಧೈರ್ಯ ನನ್ನ ಕೈಯಲ್ಲಿ ಮೊದಲೇ ಇತ್ತೆಂದು ಕಾಣುತ್ತದೆ. ಅಂದು ಬೆಳಿಗ್ಗೆ ಹಾಜರಿ ಪಟ್ಟಿಯಲ್ಲಿ, ನಾರಾಯಣಮ್ಮ ಬರದೆ ಉಳಿದ ಹದಿಮೂರು ಸದಸ್ಯರ ಕೆಳಗೆ, ಹದಿನಾಲ್ಕನೆಯದಾಗಿ, ಸ್ವಲ್ಪ ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಬರೆದಿದ್ದೆ. ಬಾಷಾ ಭಾಯ್ ಪಟ್ಟಿ ನೋಡಿ ಹದಿನಾಲ್ಕು ಲೋಟ ತಂದರು. ಹದಿಮೂರು ಹಂಚಿಯಾಯಿತು. ತಟ್ಟೆಯಲ್ಲಿ ಒಂದು ಉಳಿಯಿತು.

“ಒಂದು ಜಾಸ್ತಿ ಇದೆಯಲ್ರೀ, ಯಾರ್ದು?” ಎಂದರು ಅಧ್ಯಕ್ಷರು.

ಎಲ್ಲರೂ ನನ್ನ ಕಡೆ ನೋಡಿದರು. ಮೂರು ವರ್ಷದಲ್ಲಿ ಅದೇ ಮೊದಲು. ‘ನಂದು’ ಎನ್ನಲು ಎರಡೇ ಅಕ್ಷರ. ನನ್ನ ಬಾಯಿ ಹೇಳಿದ್ದು: “ಎಕ್ಸ್‌ಟ್ರಾ ಬಂದಿದೆ ಸರ್, ನೀವೇ ತಗೊಳ್ಳಿ.” ಬಾಗಿಲಲ್ಲಿ ನಿಂತಿದ್ದ ಬಾಷಾ ಭಾಯ್ ಹಣೆ ಚಚ್ಚಿಕೊಂಡರು.

ಆ ದಿನದ ಡೈರಿ: ಹಾಜರಿ ಹದಿನಾಲ್ಕು, ಲೋಟ ಹದಿನಾಲ್ಕು, ಕುಡಿದವರು ಹದಿಮೂರು. ಹುಣಸೆ ಸಸಿಗೆ ಆರನೆಯ ಎಲೆ. ಲೆಕ್ಕದಲ್ಲಿ ಮತ್ತೆ ಒಂದು ಕಡಿಮೆ. ಈ ಸಲ ಹುಡುಕಲು ಮೆಟ್ರೋ ಹತ್ತಬೇಕಾಗಿಲ್ಲ. ಆ ಒಂದು ಎಲ್ಲಿ ಕೂರುತ್ತದೆಂದು ನನಗೆ ಗೊತ್ತು.