ಬಾದಾಮಿಯವರು ಏನು ತಗೊಂಡರು?

ಹಳೇ ಸಾಫ್ಟ್‌ವೇರನ್ನೇ ಇಟ್ಟುಕೊಂಡರೆ ಬಿಲ್ಲುಗಳೆಲ್ಲ ತಿರುಗಿ ಬಂದಾವು. ಹೊಸದನ್ನು ಹಾಕಿಸಿದರೆ ಇದ್ದಬದ್ದ ದಾಖಲೆಯೇ ಅಳಿಸಿಹೋದೀತು. ಯಾವುದು ಸಣ್ಣ ಅನಾಹುತ? ಮೂರು ದಿನದಿಂದ ನಾಗಲಿಂಗನ ತಲೆಯೊಳಗೆ ಈ ಪ್ರಶ್ನೆ ಬೀಸುಕಲ್ಲಿನ ಹಾಗೆ ತಿರುಗುತ್ತಿತ್ತು, ಹಿಟ್ಟು ಮಾತ್ರ ಬೀಳುತ್ತಿರಲಿಲ್ಲ.

ಇಳಕಲ್ಲಿನ ಸುನಂದಾ ಡಾಕ್ಟರ ದವಾಖಾನೆಯಲ್ಲಿ ಬಿಲ್ಲು ಬರೆಯುವವನು ಅವನು. ಒಂದನೇ ತಾರೀಖಿನಿಂದ ವಿಮಾ ಕಂಪನಿಗಳು ಪ್ರತಿ ರೋಗಕ್ಕೂ ಹೊಸ ಕೋಡ್ ಕೇಳುತ್ತವೆ. ಹಳೇ ಸಾಫ್ಟ್‌ವೇರಿಗೆ ಆ ಕೋಡುಗಳು ಗೊತ್ತಿಲ್ಲ. ಹೊಸದು ಹೇಗಿದೆಯೋ ಯಾರಿಗೂ ಗೊತ್ತಿಲ್ಲ.

“ಹುನಗುಂದದವ್ರು ಏನು ತಗೊಂಡಾರ, ಕಣ್ಣಾರೆ ನೋಡಿ ಬಾ,” ಎಂದಿದ್ದರು ಡಾಕ್ಟರು ಬೆಳಿಗ್ಗೆ. “ಫೋನಿನ್ಯಾಗ ಎಲ್ಲಾರೂ ಸುಳ್ಳ ಹೇಳ್ತಾರ. ಸಂಜೀ ಒಳಗ ಉತ್ತರ ಕೊಡಬೇಕು. ಹೆಚ್ಚುಕಮ್ಮಿ ಆತಂದ್ರ ನಿನ್ನ ನೌಕರಿ ನಿನಗಿಲ್ಲ, ನಾಗಲಿಂಗ.”

ಹುನಗುಂದದಲ್ಲಿ ಬಿಲ್ಲು ಬರೆಯುವ ನಜೀರಸಾಬ ಆರಾಮಾಗಿ ಚಹಾ ಕುಡಿಯುತ್ತಿದ್ದ.

“ನಾವ್ಯಾಕ ತಲಿ ಕೆಡಿಸ್ಕೊಳ್ಳೂಣಲೇ? ಬಾಗಲಕೋಟಿಯವ್ರು ಏನ್ ಮಾಡ್ತಾರೋ ನಾವೂ ಅದನ್ನ.”

“ಅವರೇನ ಮಾಡ್ಯಾರ?”

“ನನಗೇನ್ ಗೊತ್ತು? ಹೆಂಗೂ ಹೊಂಟೀಯಲ್ಲ, ನಮಗೂ ಒಂದ ಮಾತ ತಿಳಸು.”

ತಾನು ಹೊರಟಿದ್ದೇನೆ ಎಂಬುದು ನಾಗಲಿಂಗನಿಗೆ ಆಗಲೇ ಗೊತ್ತಾದದ್ದು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ರೋಹಿಣಿ ಎಂಬಾಕೆ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. “ನಮ್ಮ ಸರ್ ಕಲತದ್ದ ಬಾದಾಮಿ ಅಂದಪ್ಪ ಡಾಕ್ಟರ ಹತ್ರ ರೀ. ಅವರು ಹೂಂ ಅಂದ್ರ ನಮ್ಮದೂ ಹೂಂ.”

“ಅಂದ್ರೇನ್ರಿ?”

“ಇನ್ನೂ ಸುಮ್ನ ಅದಾರ. ಅವರು ಸುಮ್ನ ಅದಾರಂದ್ರ ಭಾಳ ವಿಚಾರ ಮಾಡಾಕತ್ತಾರ ಅಂತ ತಿಳೀರಿ.”

ಪಾಳಿಯಲ್ಲಿ ಕೂತ ಮುದುಕಿಯೊಬ್ಬಳು ಅವನನ್ನು ದಿಟ್ಟಿಸಿ, “ಯಪ್ಪಾ, ಮಾರಿ ಬಿಳಿಚೇತಿ. ನನ್ನ ಪಾಳೇಕ ನೀ ಹೋಗು,” ಎಂದಳು.

ಬಾದಾಮಿ ಮುಟ್ಟುವುದರೊಳಗೆ ಸುನಂದಾ ಡಾಕ್ಟರ ಫೋನು ಐದು ಸಲ ಬಂದಿತ್ತು. ವಯಸ್ಸಾದ ಅಂದಪ್ಪ ಡಾಕ್ಟರು ಅವನನ್ನು ಕಂಡು ಎದ್ದೇ ನಿಂತರು. ಇಷ್ಟು ವರ್ಷದಲ್ಲಿ ನಾಗಲಿಂಗನಿಗಾಗಿ ಯಾರೂ ಎದ್ದು ನಿಂತದ್ದಿರಲಿಲ್ಲ.

“ಬರ್ರಿ ನಾಗಲಿಂಗಪ್ಪಾರ! ನಿಮ್ಮ ಹಾದೀನ ಕಾಯಾಕತ್ತಿದ್ನಿ. ‘ನಮ್ಮ ನಾಗಲಿಂಗ ಎಲ್ಲಾ ತೂಗಿ ನೋಡಾಕತ್ತಾನ’ ಅಂತ ನಿಮ್ಮ ಮೇಡಂ ಹೇಳ್ಯಾರ. ನನಗ ಕಂಪ್ಯೂಟರ ತಿಳಿಯೂದಿಲ್ಲ. ಇಳಕಲ್ಲಿನವ್ರು ತಗೊಂಡದ್ದನ್ನ ನಾನೂ ತಗೋತೇನಿ ಅಂತ ಕುಂತೇನಿ. ಹೇಳ್ರಿ, ಏನ ತಗೊಂಡ್ರಿ?”

ನಾಲ್ಕು ಊರಿನ ದವಾಖಾನೆಗಳು ಒಬ್ಬರ ಅಂಗಿ ಚುಂಗು ಒಬ್ಬರು ಹಿಡಿದು ಗುಂಡಗೆ ನಿಂತಿದ್ದವು. ಕೊನೆಯವರು ಹಿಡಿದ ಚುಂಗು ನಾಗಲಿಂಗನದೇ.

“ಹೊಸಾದ ತಗೊಂಡೀವ್ರಿ,” ಎಂದ. ಸೀನು ಬಂದ ಹಾಗೆ, ತಡೆಯುವುದರೊಳಗೆ ಬಂದುಬಿಟ್ಟಿತ್ತು ಮಾತು.

ಅಂದಪ್ಪ ಡಾಕ್ಟರು ಅವನ ಕಣ್ಣೆದುರೇ ಹೊಸ ಸಾಫ್ಟ್‌ವೇರಿನ ಕಂಪನಿಗೆ ಫೋನು ಹಚ್ಚಿದರು. ಬಸ್‌ಸ್ಟ್ಯಾಂಡಿಗೆ ಬಂದು ನಾಗಲಿಂಗ ತನ್ನ ಫೋನು ತೆಗೆದ. “ಮೇಡಂ, ಬಾದಾಮಿಯವ್ರು ಹೊಸಾದ ತಗೊಂಡಾರ್ರಿ.” ಅಷ್ಟರೊಳಗೆ ಅದು ಸುಳ್ಳೂ ಆಗಿರಲಿಲ್ಲ.

ವಾಪಸಿನ ಬಸ್ಸು ಅಮೀನಗಡ ದಾಟುವ ಹೊತ್ತಿಗೆ ಬಾಗಲಕೋಟೆಯವರು ತಗೊಂಡ ಸುದ್ದಿ ಬಂತು, ಅದರ ಬೆನ್ನಿಗೇ ಹುನಗುಂದದವರದು, ಕೊನೆಗೆ ಸುನಂದಾ ಡಾಕ್ಟರದೂ. ನಾಲ್ವರೂ ಕೂಡಿ ಮುಳುಗಿದರೆ ಯಾರು ಯಾರನ್ನು ಕೆಲಸದಿಂದ ತೆಗೆಯುತ್ತಾರೆ? ಮೂರು ದಿನಗಳಲ್ಲಿ ಮೊದಲ ಸಲ ಅವನಿಗೆ ನಿದ್ದೆ ಹತ್ತಿತು.

ಇಳಕಲ್ಲಿನಲ್ಲಿ ಸುನಂದಾ ಡಾಕ್ಟರು ದವಾಖಾನೆಯ ಬಾಗಿಲಲ್ಲೇ ನಗುತ್ತ ನಿಂತಿದ್ದರು.

“ಕಂಪನಿಯವ್ರಿಗೆ ಭಾಳ ಖುಷಿ ಆಗೇತಿ. ಆದ್ರ ಕಲಿಸಾಕ ಈ ಕಡೆ ಅವರ ಮನಷ್ಯಾ ಯಾರೂ ಇಲ್ಲಂತ. ತಿಳದವ್ರು ಯಾರದಾರ ಅಂತ ಕೇಳಿದ್ದಕ್ಕ ಮೂರೂ ಊರಿನವ್ರು ನಿನ್ನ ಹೆಸರ ಹೇಳ್ಯಾರ. ನಾನೂ ಹೂಂ ಅಂದ್ನಿ. ಸೋಮವಾರದಿಂದ ನಾಲ್ಕೂ ಊರಿಗೆ ನೀನ ಮಾಸ್ತರ. ಎಲ್ಲೇ ಒಂದ ಬಿಲ್ಲ ತಿರುಗಿ ಬಂದ್ರೂ ನಿನ್ನನ್ನ ಕೇಳ್ತಾರ.”

“ಇಲ್ಲಿ ಬಿಲ್ಲ ಬರಿಯೂದ್ರಿ?”

“ನಮ್ಮ ನರ್ಸ ಶೈಲಾ ಬರೀತಾಳ. ನಿನಗಿನ್ನ ಪುರಸೊತ್ತ ಎಲ್ಲೈತಿ?” ಡಾಕ್ಟರು ಅವನ ಮುಖವನ್ನೇ ನೋಡಿದರು. “ಖರೇ ಹೇಳು, ಅಂದಪ್ಪ ಡಾಕ್ಟರಂಥಾ ಶ್ಯಾಣ್ಯಾರು ಹೊಸಾದ ಛಲೋ ಅಂತ ಯಾವುದನ್ನ ನೋಡಿ ತಿಳ್ಕೊಂಡ್ರು?”

ಅಂದಪ್ಪ ಡಾಕ್ಟರು ನೋಡಿದ್ದು ನಾಗಲಿಂಗನ ಮುಖವನ್ನಷ್ಟೇ.